ಫೋಟೋ ಬಂದೇ ಇಲ್ಲವೋ, ಬಂದೂ ಕೂತಿಲ್ಲವೋ? ವೆಬ್‌ಸೈಟಿನ ಚಿತ್ರಗಳ ದೋಷ ಹುಡುಕುವ ಬಗೆ

ಸಾಗರದಿಂದ ಅತ್ತಿಗೆ ಫೋನ್ ಮಾಡಿದ್ದರು. ಹೊರಗೆ ಜಡಿಮಳೆ, ಅರ್ಧ ಮಾತು ಕೇಳಿಸಲೇ ಇಲ್ಲ. ಕೇಳಿಸಿದ್ದು ಇಷ್ಟು: “ಎಂಥ ಮಾರಾಯ ಇದು, ನನ್ನ ಕಂಪ್ಯೂಟರಲ್ಲಿ ಫೋಟೋ ಎಲ್ಲ ಚಂದ ಕಾಣ್ತದೆ. ಬೆಂಗಳೂರಿನ ಗಿರಾಕಿಗೆ ಒಂದೂ ಕಾಣ್ತಿಲ್ವಂತೆ!”

ಅತ್ತಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಅದಕ್ಕೊಂದು ಪುಟ್ಟ ವೆಬ್‌ಸೈಟ್ ಇದೆ, ಅವರೇ ಕಲಿತು ಮಾಡಿಕೊಂಡದ್ದು. ಭರಣಿಯ ಫೋಟೋ ಇರಬೇಕಾದ ಜಾಗದಲ್ಲಿ ಗಿರಾಕಿಗೆ ಕಂಡದ್ದು ಹರಿದ ಕಾಗದದಂಥ ಒಂದು ಗುರುತು ಮಾತ್ರ. ನಾನು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: “ಬ್ರೌಸರಿನ ಮೇಲೆ ವಿಳಾಸ ಬರೆಯುವ ಜಾಗ ಇದೆಯಲ್ಲ, ಅಲ್ಲಿ ಮೊದಲಿಗೆ ಎಂತ ಇದೆ?” ಅವರು ಓದಿದರು: “ಫೈಲ್ ಅಂತ ಇದೆ, ಆಮೇಲೆ ಸಿ, ಆಮೇಲೆ ಡೆಸ್ಕ್‌ಟಾಪ್...”

ಅಲ್ಲಿಗೆ ರೋಗ ಗೊತ್ತಾಯಿತು. ಅವರು ಇಷ್ಟು ದಿನ ನೋಡುತ್ತಿದ್ದದ್ದು ವೆಬ್‌ಸೈಟನ್ನಲ್ಲ. ತಮ್ಮ ಡೆಸ್ಕ್‌ಟಾಪಿನ ಮೇಲೇ ಇದ್ದ ಪುಟವನ್ನು. ಆ ಪುಟದಲ್ಲಿ ಫೋಟೋ ಎಲ್ಲಿದೆ ಅಂತ ಬರೆದ ದಾರಿಯೂ ಅದೇ ಕಂಪ್ಯೂಟರಿನದು. ಸಾಗರದ ಮನೆಯ ಕಂಪ್ಯೂಟರಿನ ಸಿ ಡ್ರೈವ್ ಬೆಂಗಳೂರಿನ ಗಿರಾಕಿಗೆ ಎಲ್ಲಿಂದ ಸಿಗಬೇಕು?

ತೀರ್ಥಹಳ್ಳಿಯಲ್ಲಿ ಕೂತು ನಾನು ಹೋಮ್‌ಸ್ಟೇ, ಅಡಿಕೆ ವ್ಯಾಪಾರ, ಮನೆ ತಿಂಡಿ ಮಾರುವವರಿಗೆ ಇಂಥ ಸಣ್ಣ ವೆಬ್‌ಸೈಟ್ ಮಾಡಿಕೊಡುತ್ತೇನೆ. ಬರುವ ದೂರುಗಳಲ್ಲಿ ಜಾಸ್ತಿ ಫೋಟೋದ್ದೇ. ಎಲ್ಲರೂ ಹೇಳುವುದು ಒಂದೇ ಮಾತು, “ಫೋಟೋ ಸರಿ ಇಲ್ಲ.” ಆದರೆ ಅದರೊಳಗೆ ಬೇರೆ ಬೇರೆ ರೋಗಗಳಿರುತ್ತವೆ. ಫೋಟೋ ಬಂದೇ ಇಲ್ಲ. ಬಂದಿದೆ, ಆದರೆ ಸರಿಯಾಗಿ ಕೂತಿಲ್ಲ. ಇಲ್ಲವೇ ಇನ್ನೂ ಬರ್ತಾ ಇದೆ. ಇದರಲ್ಲಿ ಯಾವುದು ಅಂತ ತಿಳಿಯುವ ಮೊದಲು ಕೋಡಿಗೆ ಕೈ ಹಾಕಬೇಡಿ. ಬಾರದ ಫೋಟೋವನ್ನು ನಡುವಿಗೆ ತರಲು ಒಂದು ಗಂಟೆ ಒದ್ದಾಡಿದವರನ್ನು ನಾನು ನೋಡಿದ್ದೇನೆ. ನಿಜ ಹೇಳಬೇಕೆಂದರೆ ಮೊದಮೊದಲು ನಾನೂ ಒದ್ದಾಡಿದ್ದೇನೆ.

ಒಂದು ಮಾತು. ಇಲ್ಲಿ ಕೋಡಿನ ಪದಗಳನ್ನೆಲ್ಲ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಮಾಡಬೇಕು.

ಮೊದಲ ಎರಡು ನಿಮಿಷ

ಫೋಟೋ ಇರಬೇಕಾದ ಜಾಗದ ಮೇಲೆ ರೈಟ್ ಕ್ಲಿಕ್ ಮಾಡಿ, ‘ಓಪನ್ ಇಮೇಜ್ ಇನ್ ನ್ಯೂ ಟ್ಯಾಬ್’ ಒತ್ತಿ. ಆಂಡ್ರಾಯ್ಡ್ ಮೊಬೈಲಿನ ಕ್ರೋಮ್‌ನಲ್ಲಾದರೆ ಫೋಟೋವನ್ನು ಒತ್ತಿ ಹಿಡಿದರೆ ಇದೇ ಆಯ್ಕೆ ಬರುತ್ತದೆ. ಹೊಸ ಟ್ಯಾಬಿನಲ್ಲಿ ಫೋಟೋ ಚೆನ್ನಾಗಿ ತೆರೆದುಕೊಂಡರೆ ಹೆಚ್ಚಾಗಿ ಫೈಲು, ದಾರಿ ಎರಡೂ ಸರಿ ಇವೆ, ತೊಂದರೆ ಕೂರಿಸುವುದರಲ್ಲಿ. ತೆರೆಯದಿದ್ದರೆ ತೊಂದರೆ ಬರುವುದರಲ್ಲಿ.

ತೆರೆಯಲಿಲ್ಲವೋ, ಪುಟಕ್ಕೆ ವಾಪಸ್ ಬಂದು ಎಫ್12 ಒತ್ತಿ. ‘ನೆಟ್‌ವರ್ಕ್’ ಟ್ಯಾಬಿಗೆ ಹೋಗಿ, ಪುಟವನ್ನು ಮತ್ತೆ ಲೋಡ್ ಮಾಡಿ. ಪುಟ ತರಿಸಿಕೊಂಡ ಪ್ರತಿ ಫೈಲಿನ ಹೆಸರು, ಅದರ ಪಕ್ಕ ಒಂದು ಅಂಕಿ, ಎಷ್ಟು ತೂಕ, ಎಷ್ಟು ಹೊತ್ತು ಹಿಡಿಯಿತು ಎಲ್ಲ ಅಲ್ಲಿ ಕಾಣುತ್ತದೆ. ಆ ಅಂಕಿಯೇ ನಮಗೆ ನಾಡಿ. 200 ಅಂದರೆ ಬಂತು. 404 ಅಂದರೆ ಆ ಹೆಸರಿನ ಫೈಲು ಅಲ್ಲಿಲ್ಲ. 403 ಅಂದರೆ ಕೊಡುವುದಿಲ್ಲ ಅಂತ ಸರ್ವರ್, ಅಂದರೆ ವೆಬ್‌ಸೈಟಿನ ಫೈಲುಗಳನ್ನು ಇಟ್ಟುಕೊಂಡು ಕೇಳಿದವರಿಗೆ ಕೊಡುವ ಕಂಪ್ಯೂಟರ್, ಹೇಳಿದೆ. ಫೈಲು ಅಲ್ಲೇ ಇರಲೂಬಹುದು. ಅಂಕಿಯ ಬದಲು ‘ಬ್ಲಾಕ್ಡ್’ ಅಂತ ಇದ್ದರೆ ಬ್ರೌಸರಿನ ಬದಿಯಲ್ಲೇ ಯಾರೋ ತಡೆದಿದ್ದಾರೆ.

ಬಂದೇ ಇಲ್ಲ

ನಾನು ಕಂಡ ಹಾಗೆ ಇಲ್ಲಿ 404ರದ್ದೇ ಕಾರುಬಾರು. ಅದರಲ್ಲೂ ದೊಡ್ಡಕ್ಷರ, ಸಣ್ಣಕ್ಷರದ ಗೊಂದಲ. ವಿಂಡೋಸ್ ಕಂಪ್ಯೂಟರಿಗೆ ದೊಡ್ಡ ಅಕ್ಷರದ ‘ಜೆಪಿಜಿ’, ಸಣ್ಣ ಅಕ್ಷರದ ‘ಜೆಪಿಜಿ’ ಎರಡೂ ಒಂದೇ. ಆದರೆ ಹೆಚ್ಚಿನ ವೆಬ್‌ಸೈಟುಗಳು ಕೂತಿರುವುದು ಲಿನಕ್ಸ್ ಸರ್ವರಿನ ಮೇಲೆ. ಅದಕ್ಕೆ ಇವು ಎರಡು ಬೇರೆ ಫೈಲುಗಳು. ಕ್ಯಾಮೆರಾಗಳು ಸುಮಾರಾಗಿ ದೊಡ್ಡ ಅಕ್ಷರದಲ್ಲೇ ಹೆಸರಿಡುತ್ತವೆ, ನಾವು ಕೋಡಿನಲ್ಲಿ ಸಣ್ಣದರಲ್ಲಿ ಬರೆಯುತ್ತೇವೆ. ಮನೆಯಲ್ಲಿ ಎಲ್ಲ ಸರಿ, ಸರ್ವರಿಗೆ ಹಾಕಿದ ತಕ್ಷಣ 404.

ವಾಟ್ಸಾಪ್ ವೆಬ್‌ನಿಂದ ಇಳಿಸಿಕೊಂಡ ಫೋಟೋದ ಹೆಸರು ನೋಡಿದ್ದೀರಾ? ‘ವಾಟ್ಸಾಪ್ ಇಮೇಜ್’, ಆಮೇಲೆ ತಾರೀಕು, ಆಮೇಲೆ ಗಂಟೆ ನಿಮಿಷ. ನಡುನಡುವೆ ಜಾಗ ಬೇರೆ. ಕೊನೆಗೆ ‘ಜೆಪಿಜಿ’ ಅಲ್ಲ, ‘ಜೆಪಿಇಜಿ’. ಇದನ್ನು ಕೋಡಿನಲ್ಲಿ ಕೈಯಾರೆ ಬರೆದು ಸರಿ ಬಂದರೆ ಅದು ಅದೃಷ್ಟ. ಇನ್ನೊಂದು ಮೋಸ ವಿಂಡೋಸಿನದು. ಫೈಲಿನ ಕೊನೆಯ ‘ಜೆಪಿಜಿ’ಯನ್ನು ಅದು ಮುಚ್ಚಿಟ್ಟಿರುತ್ತದೆ. ಕಾಣುತ್ತಿಲ್ಲವಲ್ಲ ಅಂತ ನೀವೇ ಒಂದು ‘ಜೆಪಿಜಿ’ ಸೇರಿಸುತ್ತೀರಿ. ಈಗ ಎರಡು ಬಾಲ. ಫೈಲ್ ಎಕ್ಸ್‌ಪ್ಲೋರರಿನ ‘ವ್ಯೂ’ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ ಕಾಣುವ ಹಾಗೆ ಮಾಡಿಕೊಂಡರೆ ಈ ಮೋಸ ನಡೆಯುವುದಿಲ್ಲ.

ಕನ್ನಡದಲ್ಲಿ ಫೈಲಿನ ಹೆಸರು ಇಡಬಹುದಾ ಅಂತ ಕೇಳುತ್ತಾರೆ. ಇಡಬಹುದು, ನಡೆಯುತ್ತದೆ, ಆದರೆ ನಾನು ಇಡುವುದಿಲ್ಲ. ‘ಹೋಮ್‌ಸ್ಟೇ’ ಅನ್ನುವ ಪದವನ್ನೇ ನೋಡಿ. ಮಕಾರ ಮತ್ತು ಸಕಾರ ಒತ್ತಾಗಿ ಅಂಟಿಕೊಳ್ಳದ ಹಾಗೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ. ಫೈಲಿನ ಹೆಸರಿನಲ್ಲಿ ಅದು ಇದ್ದು ಕೋಡಿನಲ್ಲಿ ಇಲ್ಲದಿದ್ದರೆ ಸರ್ವರಿಗೆ ಎರಡೂ ಬೇರೆ. ಇನ್ನು ‘ಹೋ’ದಲ್ಲಿರುವ ಓತ್ವ. ಅದನ್ನು ಯೂನಿಕೋಡಿನಲ್ಲಿ ಒಂದೇ ತುಂಡಾಗಿಯೂ ಬರೆಯಬಹುದು, ಮೂರು ತುಂಡು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ತದ್ರೂಪ. ಆಗುಂಬೆ ಹತ್ತಿರದ ಒಂದು ಹೋಮ್‌ಸ್ಟೇಯ ಪುಟದಲ್ಲಿ ಇಂಥದ್ದನ್ನು ಹುಡುಕುತ್ತಾ ನನ್ನ ಒಂದು ಮಧ್ಯಾಹ್ನ ಪೂರ್ತಿ ಹೋಯಿತು. ಅವತ್ತಿಂದ ಇಂಗ್ಲಿಷಿನ ಸಣ್ಣ ಅಕ್ಷರ, ಅಂಕಿ, ನಡುವೆ ಬೇಕಿದ್ದರೆ ಅಡ್ಡಗೆರೆ, ಇಷ್ಟೇ. ಕನ್ನಡವನ್ನು ಆಲ್ಟ್ ಬರಹದಲ್ಲಿ, ಅಂದರೆ ಫೋಟೋದಲ್ಲಿ ಏನಿದೆ ಅಂತ ಇಮೇಜ್ ಟ್ಯಾಗಿನಲ್ಲಿ ಬರೆಯುವ ಮಾತಿನಲ್ಲಿ, ಧಾರಾಳವಾಗಿ ಬರೆಯಿರಿ, ಅಲ್ಲಿ ಅದಕ್ಕೆ ಬೆಲೆ ಇದೆ. ಕಣ್ಣು ಕಾಣದವರಿಗೆ ಸ್ಕ್ರೀನ್ ರೀಡರ್ ಓದಿ ಹೇಳುವುದು ಅದನ್ನೇ. ಫೋಟೋ ಬಾರದಿದ್ದಾಗ ಆ ಜಾಗದಲ್ಲಿ ಕಾಣುವುದೂ ಅದೇ.

ಹೆಸರು ಸರಿ ಇದ್ದೂ 404 ಬಂದರೆ ದಾರಿ ನೋಡಿ. ಒಬ್ಬರು ಅಡಿಕೆ ವ್ಯಾಪಾರಿಯ ಪುಟದಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ನಾಲ್ಕರದ್ದೂ ಫೋಟೋ ಇತ್ತು. ಮುಖಪುಟದಲ್ಲಿ ನಾಲ್ಕೂ ಸರಿ. ಅದೇ ಕೋಡನ್ನು ‘ಅಡಿಕೆ’ ಫೋಲ್ಡರಿನ ಒಳಪುಟಕ್ಕೆ ನಕಲು ಮಾಡಿದರೆ ನಾಲ್ಕೂ ಮಾಯ. ದಾರಿಯ ಮೊದಲಿಗೆ ಸ್ಲ್ಯಾಶ್ ಇರಲಿಲ್ಲ. ಸ್ಲ್ಯಾಶ್ ಇಲ್ಲದ ದಾರಿ ‘ಈ ಪುಟ ಇರುವಲ್ಲಿಂದ ಹುಡುಕು’ ಅನ್ನುತ್ತದೆ. ಸ್ಲ್ಯಾಶಿನಿಂದ ಶುರುವಾದದ್ದು ‘ವೆಬ್‌ಸೈಟಿನ ಬುಡದಿಂದ ಹುಡುಕು’ ಅನ್ನುತ್ತದೆ. ಮೊದಲನೆಯದು ‘ಇಲ್ಲೇ ಪಕ್ಕದ ಮನೆ’ ಅಂದ ಹಾಗೆ. ನೀವೇ ಬೇರೆ ಊರಿಗೆ ಹೋದ ಮೇಲೆ ಪಕ್ಕದ ಮನೆಯೂ ಬೇರೆಯಾಗುತ್ತದೆ, ಅಲ್ವಾ?

403 ಬಂದರೆ ಎರಡು ಕಡೆ ನೋಡಿ. ಫೋಟೋ ನಿಮ್ಮದೇ ಸರ್ವರಿನಲ್ಲಿದ್ದರೆ ಅನುಮತಿ ತಪ್ಪಿರಬಹುದು. ಯಾರು ಓದಬಹುದು, ಯಾರು ಬದಲಿಸಬಹುದು ಅನ್ನುವುದನ್ನು ಅಂಕಿಯಲ್ಲಿ ಬರೆದಿರುತ್ತಾರೆ, ಸಾಮಾನ್ಯವಾಗಿ ಫೈಲಿಗೆ 644, ಫೋಲ್ಡರಿಗೆ 755 ಇರುತ್ತದೆ. ಫೋಟೋ ಬೇರೆಯವರ ಸೈಟಿನಲ್ಲಿದ್ದರೆ, ನಮ್ಮ ಚಿತ್ರವನ್ನು ನಿಮ್ಮ ಪುಟದಲ್ಲಿ ತೋರಿಸಬೇಡಿ ಅಂತ ಅವರು ತಡೆದಿದ್ದಾರೆ. ಅವರು ಮಾಡಿದ್ದು ಸರಿಯೇ. ಕೇಳಿ, ಒಪ್ಪಿಗೆ ಪಡೆದು, ನಿಮ್ಮ ಸರ್ವರಿಗೆ ಹಾಕಿಕೊಳ್ಳಿ.

‘ಬ್ಲಾಕ್ಡ್’ ಅಂತ ಬಂದರೆ ಫೈಲಿನ ಅಥವಾ ಫೋಲ್ಡರಿನ ಹೆಸರಿನಲ್ಲಿ ‘ಆಡ್ಸ್’ ಅಂತ ಇದೆಯಾ ನೋಡಿ. ಆಡ್ ಬ್ಲಾಕರ್ ಹೆಸರು ನೋಡಿಯೇ ಜಾಹೀರಾತು ಅಂತ ತಡೆದಿರಬಹುದು. ಇನ್ನೊಂದು ಕಾರಣ, ಪುಟ ಎಚ್‌ಟಿಟಿಪಿಎಸ್, ಫೋಟೋದ ವಿಳಾಸ ಮಾತ್ರ ಹಳೆಯ ಎಚ್‌ಟಿಟಿಪಿ. ವಿಳಾಸಕ್ಕೊಂದು ‘ಎಸ್’ ಸೇರಿಸಿ ನೋಡಿ.

ಈಗ ನಿಜಕ್ಕೂ ತಲೆ ಕೆಡಿಸುವುದು: 200 ಅಂತ ಇದೆ, ಆದರೂ ಫೋಟೋ ಇಲ್ಲ. ಇದಕ್ಕೆ ಹೆಚ್ಚಾಗಿ ಎರಡೇ ಕಾರಣ. ಒಂದು, ಗೂಗಲ್ ಡ್ರೈವಿನ ಶೇರ್ ಲಿಂಕನ್ನು ಫೋಟೋದ ವಿಳಾಸ ಅಂದುಕೊಂಡು ಹಾಕಿರುತ್ತೀರಿ. ಆ ಲಿಂಕ್ ತೆರೆಯುವುದು ಫೋಟೋವನ್ನು ತೋರಿಸುವ ಒಂದು ಪುಟವನ್ನು, ಫೋಟೋವನ್ನಲ್ಲ. ಇಮೇಜ್ ಟ್ಯಾಗಿಗೆ ಪುಟ ಕೊಟ್ಟರೆ ಅದು ಏನು ಮಾಡಬೇಕು ಪಾಪ. ನೆಟ್‌ವರ್ಕ್ ಟ್ಯಾಬಿನಲ್ಲಿ ‘ಟೈಪ್’ ಕಾಲಂ ನೋಡಿ, ಅಲ್ಲಿ ಜೆಪಿಇಜಿ, ಪಿಎನ್‌ಜಿ, ವೆಬ್‌ಪಿ ಥರದ ಫೋಟೋ ರೂಪ ಇರಬೇಕಾದಲ್ಲಿ ಎಚ್‌ಟಿಎಂಎಲ್ ಇದ್ದರೆ ಇದೇ ರೋಗ.

ಎರಡನೆಯದು ಐಫೋನಿನದು. 2017ರಲ್ಲಿ ಬಂದ ಐಓಎಸ್ 11ರಿಂದ ಈಚೆಗೆ ಐಫೋನ್ ಫೋಟೋಗಳನ್ನು ಎಚ್‌ಇಐಸಿ ಎಂಬ ರೂಪದಲ್ಲಿ ಉಳಿಸುತ್ತದೆ. ಆಪಲ್‌ನ ಸಫಾರಿ ಬ್ರೌಸರಿನಲ್ಲಿ 17ನೇ ಆವೃತ್ತಿಯಿಂದ ಅದು ಕಾಣುತ್ತದೆ, ಕ್ರೋಮ್‌ನಲ್ಲಿ ಕಾಣುವುದಿಲ್ಲ. ಫೋಟೋ ತೆಗೆದವರು ತಮ್ಮ ಐಫೋನಿನಲ್ಲೇ ನೋಡಿ “ನನಗೆ ಕಾಣ್ತದಲ್ಲ” ಅನ್ನುತ್ತಾರೆ. ಕೊನೆಯ ಹೆಸರನ್ನು ಸುಮ್ನೆ ‘ಜೆಪಿಜಿ’ ಅಂತ ಬದಲಿಸಿದರೆ ಆಗುವುದಿಲ್ಲ, ಭರಣಿಯ ಮೇಲಿನ ಚೀಟಿ ಬದಲಿಸಿದರೆ ಒಳಗಿನ ಉಪ್ಪಿನಕಾಯಿ ಬದಲಾಗುವುದಿಲ್ಲವಲ್ಲ. ನಿಜವಾಗಿ ಪರಿವರ್ತಿಸಬೇಕು. ಮುಂದಕ್ಕೆ ಈ ತೊಂದರೆಯೇ ಬೇಡ ಅಂದರೆ ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಫಾರ್ಮ್ಯಾಟ್ಸ್‌ಗೆ ಹೋಗಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿ.

ಬಂದಿದೆ, ಆದರೆ ಹಳೆಯದು ಬಂದಿದೆ

ಅದೇ ವ್ಯಾಪಾರಿ ರಾಶಿ ಅಡಿಕೆಯ ಹೊಸ ಫೋಟೋವನ್ನು ಹಳೆಯ ಹೆಸರಿನಲ್ಲೇ ಹಾಕಿದರು. ಎಷ್ಟು ಸಲ ಹಾಕಿದರೂ ಹಳೆಯದೇ ಕಾಣುತ್ತದೆ. ಬ್ರೌಸರ್ ಹಿಂದೆ ತಂದಿಟ್ಟುಕೊಂಡದ್ದನ್ನೇ ತೋರಿಸುತ್ತಿದೆ, ಅಷ್ಟೇ. ಕಂಟ್ರೋಲ್, ಶಿಫ್ಟ್, ಆರ್ ಮೂರನ್ನೂ ಒತ್ತಿದರೆ ನಿಮಗೆ ಹೊಸದು ಕಾಣುತ್ತದೆ. ಆದರೆ ಗಿರಾಕಿಗಳಿಗೆಲ್ಲ ಫೋನ್ ಮಾಡಿ ಇದನ್ನು ಒತ್ತಿ ಅನ್ನಲಾದೀತೇ? ಹೊಸ ಫೋಟೋಗೆ ಹೊಸ ಹೆಸರು ಕೊಡಿ, ಕೋಡಿನಲ್ಲೂ ಬದಲಿಸಿ.

ಇಲ್ಲೇ ಇನ್ನೊಂದು. ಪ್ರೆಸ್ಸಿನಿಂದ ತಂದ ಬ್ರೋಷರಿನ ಫೋಟೋ ಹಾಕಿದರೆ ಹಸಿರು ಕೆಲವು ಕಡೆ ವಿಚಿತ್ರವಾಗಿ ಕಾಣುತ್ತದೆ. ಅದು ಮುದ್ರಣದ ನಾಲ್ಕು ಶಾಯಿಗಳಿಗೆ, ಅಂದರೆ ಸಿಎಂವೈಕೆಗೆ ಸಿದ್ಧ ಮಾಡಿದ ಫೈಲು. ಪರದೆಯ ಬಣ್ಣಗಳ ರೂಪವಾದ ಎಸ್‌ಆರ್‌ಜಿಬಿಗೆ ಬದಲಿಸಿ ಹಾಕಿ.

ಬಂದಿದೆ, ಕೂತಿಲ್ಲ

ಇಲ್ಲಿ ನನ್ನ ಮೊದಲ ಹೆಜ್ಜೆ ಯಾವಾಗಲೂ ಒಂದೇ. ಸಿಎಸ್‌ಎಸ್‌ನಲ್ಲಿ, ಅಂದರೆ ಪುಟದ ರೂಪ, ಜೋಡಣೆ ಹೇಳುವ ಕೋಡಿನಲ್ಲಿ, ಫೋಟೋಗೂ ಅದು ಇರುವ ಪೆಟ್ಟಿಗೆಗೂ ಔಟ್‌ಲೈನ್ ಕೊಟ್ಟು ಕೆಂಪು ಗೆರೆ ಹಾಕುತ್ತೇನೆ. ಬಾರ್ಡರ್ ಬೇಡ, ಅದು ತಾನೂ ಜಾಗ ತಿಂದು ಅಳತೆ ಬದಲಿಸುತ್ತದೆ. ಗೆರೆ ಹಾಕಿದರೆ ಯಾವುದು ಎಷ್ಟು ಅಗಲ ಇದೆ ಅಂತ ಕಣ್ಣಿಗೇ ಕಾಣುತ್ತದೆ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಫೋಟೋ ನಡುವಿಗೆ ಬರ್ತಾ ಇಲ್ಲ ಅನ್ನುವುದು ಹಳೆಯ ದೂರು. ‘ಟೆಕ್ಸ್ಟ್-ಅಲೈನ್: ಸೆಂಟರ್’ ಅನ್ನು ಫೋಟೋಗೇ ಕೊಟ್ಟಿರುತ್ತಾರೆ. ಅದು ಪೆಟ್ಟಿಗೆಯ ಒಳಗಿರುವುದನ್ನು ನಡುವಿಗೆ ತರುವ ಮಾತು, ಹಾಗಾಗಿ ಫೋಟೋದ ಹೊರಗಿನ ಪೆಟ್ಟಿಗೆಗೆ ಕೊಡಬೇಕು. ಫೋಟೋಗೇ ಕೊಡಬೇಕು ಅಂದರೆ ‘ಡಿಸ್‌ಪ್ಲೇ: ಬ್ಲಾಕ್’ ಹಾಕಿ, ಎಡ ಬಲ ಮಾರ್ಜಿನ್‌ಗೆ ‘ಆಟೋ’ ಕೊಡಿ. ಬ್ಲಾಕ್ ಮರೆತರೆ ಆಟೋ ಕೆಲಸ ಮಾಡುವುದಿಲ್ಲ, ಯಾಕೆಂದರೆ ಫೋಟೋ ತಾನಾಗಿಯೇ ಸಾಲಿನೊಳಗಿನ ಒಂದು ದೊಡ್ಡ ಅಕ್ಷರದ ಹಾಗೆ ಕೂರುತ್ತದೆ. ಅಕ್ಷರಗಳ ಕೆಳಗೆ ಒತ್ತಿಗೆ ಜಾಗ ಬೇಕಲ್ಲ, ಹಾಗೆ ಫೋಟೋದ ಅಡಿಗೂ ನಾಲ್ಕೈದು ಪಿಕ್ಸೆಲ್ ಸಂದಿ ಬಿಡುವುದು ಇದೇ ಕಾರಣಕ್ಕೆ. ಬ್ಲಾಕ್ ಮಾಡಿದರೆ ಆ ಸಂದಿಯೂ ಹೋಗುತ್ತದೆ. ಹಳೆಯ ‘ಸೆಂಟರ್’ ಟ್ಯಾಗ್, ‘ಅಲೈನ್’ ಗುಣ ಇವನ್ನೆಲ್ಲ ಬಿಟ್ಟುಬಿಡಿ, ಎಚ್‌ಟಿಎಂಎಲ್ 5ರಲ್ಲಿ ಅವು ಬಳಕೆ ತಪ್ಪಿವೆ.

ಇನ್ನು ಫ್ಲೋಟ್, ಅಂದರೆ ಫೋಟೋವನ್ನು ಒಂದು ಬದಿಗೆ ಸರಿಸಿ ಬರಹವನ್ನು ಅದರ ಪಕ್ಕ ಹರಿಯಬಿಡುವುದು. ಹಸೆ ಚಿತ್ತಾರದ ಬಗ್ಗೆ ಒಂದು ಪುಟ ಮಾಡಿದ್ದೆ. ಎಡಗಡೆ ಗೋಡೆಯ ಮೇಲಿನ ಚಿತ್ತಾರದ ಫೋಟೋ, ಬಲಗಡೆ ಬರಹ. ಬರಹ ಚಿಕ್ಕದಾಗಿದ್ದರಿಂದ ಮುಂದಿನ ಭಾಗದ ತಲೆಬರಹವೂ ಮೇಲೆ ಹತ್ತಿ ಫೋಟೋದ ಪಕ್ಕ ಕೂತಿತು. ಫ್ಲೋಟ್ ಆದ ಫೋಟೋವನ್ನು ಹೊರಗಿನ ಪೆಟ್ಟಿಗೆ ಲೆಕ್ಕಕ್ಕೇ ಹಿಡಿಯುವುದಿಲ್ಲ, ಬರಹದಷ್ಟೇ ಎತ್ತರವಾಗಿ ನಿಂತುಬಿಡುತ್ತದೆ. ಕೆಂಪು ಗೆರೆ ಹಾಕಿದರೆ ಫೋಟೋ ಪೆಟ್ಟಿಗೆಯಿಂದ ಹೊರಗೆ ಕಾಲು ಚಾಚಿರುವುದು ಕಾಣುತ್ತದೆ. ಹೊರಗಿನ ಪೆಟ್ಟಿಗೆಗೆ ‘ಡಿಸ್‌ಪ್ಲೇ: ಫ್ಲೋ-ರೂಟ್’ ಕೊಡಿ. ಇಲ್ಲವೇ ತಲೆಬರಹಕ್ಕೆ ‘ಕ್ಲಿಯರ್: ಬೋತ್’.

ಅದೇ ಪುಟ ಮೊಬೈಲಿನಲ್ಲಿ ಇನ್ನೂ ಕೆಟ್ಟದಾಗಿತ್ತು. ಇದು ಕನ್ನಡದಲ್ಲಿ ಬರೆಯುವವರಿಗೆ ಜಾಸ್ತಿ ಕಾಡುವ ತೊಂದರೆ. ನಮ್ಮ ಪದಗಳು ಉದ್ದ. ‘ಬಳಸಿಕೊಳ್ಳುತ್ತಿದ್ದರಂತೆ’ ಎಂಬ ಒಂದು ಪದಕ್ಕೇ ಎಷ್ಟು ಜಾಗ ಬೇಕು ನೋಡಿ. ಫೋಟೋ ಪಕ್ಕ ಉಳಿದ ಸಣ್ಣ ಸಂದಿಯಲ್ಲಿ ಒಂದು ಸಾಲಿಗೆ ಒಂದೇ ಪದ ಕೂರುತ್ತದೆ. ಅದೂ ಹಿಡಿಸದಿದ್ದರೆ ಪದ ಫೋಟೋದ ಕೆಳಗೆ ಇಳಿದು, ಪಕ್ಕದಲ್ಲಿ ಖಾಲಿ ಜಾಗ ಬಿದ್ದುಕೊಳ್ಳುತ್ತದೆ. ಇಂಗ್ಲಿಷ್ ಪುಟಗಳಿಗೆ ಮಾಡಿದ ಥೀಮುಗಳನ್ನು ಹಾಗೇ ತಂದರೆ ಆಗುವುದು ಇದೇ. ಪರದೆ 600 ಪಿಕ್ಸೆಲ್‌ಗಿಂತ ಅಗಲ ಇದ್ದರೆ ಮಾತ್ರ ಫ್ಲೋಟ್ ಅಂತ ಮೀಡಿಯಾ ಕ್ವೆರಿ ಬರೆಯಿರಿ. ಅದಕ್ಕಿಂತ ಚಿಕ್ಕದಾದರೆ ಫೋಟೋ ಪೂರ್ತಿ ಅಗಲಕ್ಕೆ ಬರಲಿ, ಬರಹ ಅದರ ಕೆಳಗೆ ಬರಲಿ.

ಸಕ್ರೆಬೈಲಿನ ಆನೆಯ ಫೋಟೋ ಮೊಬೈಲಿನಲ್ಲಿ ಸಣಕಲಾಗಿ, ಉದ್ದಕ್ಕೆ ಎಳೆದ ಹಾಗೆ ಕಂಡರೆ ‘ಹೈಟ್: ಆಟೋ’ ಬಿಟ್ಟುಹೋಗಿದೆ. ‘ಮ್ಯಾಕ್ಸ್-ವಿಡ್ತ್: 100%’ ಹಾಕಿದ್ದರಿಂದ ಅಗಲ ಪರದೆಗೆ ತಕ್ಕ ಹಾಗೆ ಕುಗ್ಗಿತು, ಟ್ಯಾಗಿನಲ್ಲಿ ಬರೆದ ಎತ್ತರ ಹಾಗೇ ಉಳಿಯಿತು. ಎರಡನ್ನೂ ಜೋಡಿಯಾಗಿಯೇ ಬರೆಯಬೇಕು. ಎರಡೂ ಇದ್ದು ಮತ್ತೂ ಎಳೆದ ಹಾಗಿದ್ದರೆ ಹೊರಗಿನ ಪೆಟ್ಟಿಗೆಗೆ ‘ಡಿಸ್‌ಪ್ಲೇ: ಫ್ಲೆಕ್ಸ್’ ಕೊಟ್ಟಿರಬಹುದು. ಫ್ಲೆಕ್ಸ್ ತಾನಾಗಿಯೇ ಒಳಗಿನವನ್ನು ಒಂದೇ ಎತ್ತರಕ್ಕೆ ಎಳೆಯುತ್ತದೆ. ‘ಅಲೈನ್-ಐಟಮ್ಸ್: ಸೆಂಟರ್’ ಕೊಟ್ಟರೆ ಆನೆ ಆನೆಯಾಗುತ್ತದೆ.

ಜೋಗದ ಫೋಟೋ ಬೇರೆಯೇ ಸಮಸ್ಯೆ. ಜಲಪಾತ 253 ಮೀಟರ್ ಎತ್ತರ, ಎಲ್ಲರಿಗೂ ಬೇಕಾಗಿರುವುದು ಮಾತ್ರ ಅಗಲದ ಬ್ಯಾನರ್. ‘ಆಬ್ಜೆಕ್ಟ್-ಫಿಟ್: ಕವರ್’ ಹಾಕಿದರೆ ನಡುಭಾಗ ಉಳಿದು ಮೇಲೂ ಕೆಳಗೂ ಕತ್ತರಿಸಿ ಹೋಗುತ್ತದೆ. ರಾಜನ ತಲೆಯೇ ಇಲ್ಲ! ‘ಆಬ್ಜೆಕ್ಟ್-ಪೊಸಿಶನ್: ಟಾಪ್’ ಕೊಟ್ಟರೆ ತಲೆ ಉಳಿಯುತ್ತದೆ, ಪಾದ ಹೋಗುತ್ತದೆ. ನನ್ನ ಕೇಳಿದರೆ ಉದ್ದದ ಫೋಟೋವನ್ನು ಬ್ಯಾನರ್ ಮಾಡಲು ಹೋಗಲೇಬಾರದು. ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಅಡ್ಡಕ್ಕೆ ಬರುವ ಹಾಗೆ ದೂರದಿಂದ ತೆಗೆದದ್ದನ್ನು ಹಾಕಿ.

ಫೋಟೋ ಮೇಲೆ ಕೂರಿಸಿದ ಲೋಗೋ ಪುಟದ ಮೂಲೆಗೆ ಓಡಿಹೋಗಿದ್ದರೆ, ಹೊರಗಿನ ಪೆಟ್ಟಿಗೆಗೆ ‘ಪೊಸಿಶನ್: ರೆಲೆಟಿವ್’ ಕೊಟ್ಟಿಲ್ಲ ಅಂತ ಅರ್ಥ.

ಇನ್ನೂ ಬರ್ತಾ ಇದೆ

ಇದು ನಮ್ಮ ಕಡೆಯ ರೋಗ. ಹೊಸನಗರದ ಆಚೆ ಒಳಗಿನ ಊರುಗಳಲ್ಲಿ ಸಿಗ್ನಲ್ಲಿಗಾಗಿ ಗುಡ್ಡ ಹತ್ತುವವರು ಈಗಲೂ ಇದ್ದಾರೆ. ಶಿವಮೊಗ್ಗ ಪೇಟೆಯಲ್ಲಿ ಕೂತು ವೈಫೈನಲ್ಲಿ ನೋಡಿ “ಸರಿ ಇದೆಯಲ್ಲ” ಅಂದರೆ ಆಗುವುದಿಲ್ಲ. ನೆಟ್‌ವರ್ಕ್ ಟ್ಯಾಬಿನಲ್ಲೇ ವೇಗ ಕಡಿಮೆ ಮಾಡುವ ಆಯ್ಕೆ ಇದೆ. ‘ಸ್ಲೋ’ ಅಂತ ಇರುವುದನ್ನು ಆರಿಸಿ, ಪುಟ ಮತ್ತೆ ಲೋಡ್ ಮಾಡಿ, ಕಾದು ನೋಡಿ. ಬೇಜಾರು ಬಂದರೆ ಗಿರಾಕಿಗೂ ಬರುತ್ತದೆ.

ಲೆಕ್ಕ ಸುಲಭ. 12 ಮೆಗಾಪಿಕ್ಸೆಲ್ ಫೋನಿನ ಫೋಟೋ ಅಂದರೆ ಸುಮಾರು 4000 ಅಗಲ, 3000 ಎತ್ತರ. ಒಂದೊಂದು 4 ಎಂಬಿ ಅಂತ ಹಿಡಿದರೆ ಹತ್ತು ಫೋಟೋಗೆ 40 ಎಂಬಿ. ಸೆಕೆಂಡಿಗೆ ಒಂದು ಮೆಗಾಬಿಟ್ ಬರುವ ಕಡೆ ಇದಕ್ಕೆ ಐದು ನಿಮಿಷಕ್ಕಿಂತ ಜಾಸ್ತಿ ಬೇಕು. ಕೋಡಿನಲ್ಲಿ ಅಗಲ 600 ಅಂತ ಬರೆದ ಮಾತ್ರಕ್ಕೆ ತೂಕ ಇಳಿಯುವುದಿಲ್ಲ. ದೊಡ್ಡದೇ ಬಂದು ಚಿಕ್ಕದಾಗಿ ಕೂರುತ್ತದೆ. ಹಾಕುವ ಮೊದಲೇ 1200ರಿಂದ 1600 ಅಗಲಕ್ಕೆ ಇಳಿಸಿ, ವೆಬ್‌ಪಿ ಅಥವಾ ಜೆಪಿಜಿಯಲ್ಲಿ ಗುಣಮಟ್ಟ 75ರ ಆಸುಪಾಸು ಇಡಿ. ಸ್ಕ್ವೂಶ್ ಎಂಬ ಉಚಿತ ಸಾಧನ ಬ್ರೌಸರಿನಲ್ಲೇ ಈ ಕೆಲಸ ಮಾಡುತ್ತದೆ. ಮೊದಲಿನದು, ಆಮೇಲಿನದು ಎರಡನ್ನೂ ಪಕ್ಕಪಕ್ಕ ತೋರಿಸುತ್ತದೆ.

ಮಲೆನಾಡಿನ ಫೋಟೋಗಳಲ್ಲಿ ಇನ್ನೊಂದು ವಿಶೇಷ ಇದೆ. ಒಂದೇ ಅಳತೆಯ ಎರಡು ಫೋಟೋ, ಒಂದರಲ್ಲಿ ಮಂಜು ಮುಸುಕಿದ ಕವಲೇದುರ್ಗ, ಇನ್ನೊಂದರಲ್ಲಿ ಎಲೆ ಎಲೆಯೂ ಕಾಣುವ ಕಾಡು. ಕಾಡಿನದು ಎಷ್ಟೋ ಪಾಲು ಜಾಸ್ತಿ ತೂಗುತ್ತದೆ. ಮಂಜಿನಲ್ಲಿ ಪಕ್ಕಪಕ್ಕದ ಬಣ್ಣಗಳು ಒಂದೇ ಥರ ಇರುವುದರಿಂದ ಚೆನ್ನಾಗಿ ಅಡಕವಾಗುತ್ತದೆ. ಎಲೆಗಳಲ್ಲಿ ಚುಕ್ಕಿ ಚುಕ್ಕಿಯೂ ಬೇರೆ. ಹಾಗಾಗಿ ಎಲ್ಲ ಫೋಟೋಗೂ ಒಂದೇ ಸೆಟ್ಟಿಂಗ್ ಹಾಕಿ ಮುಗಿಸಬೇಡಿ, ಕಾಡಿನ ಫೋಟೋವನ್ನು ಇನ್ನೂ ಸ್ವಲ್ಪ ಇಳಿಸಿ ನೋಡಿ.

ಪುಟದ ಕೆಳಗಿನ ಫೋಟೋಗಳ ಇಮೇಜ್ ಟ್ಯಾಗಿನಲ್ಲಿ ‘ಲೋಡಿಂಗ್="ಲೇಜಿ"’ ಕೊಟ್ಟರೆ ಓದುವವರು ಹತ್ತಿರ ಬಂದಾಗ ಮಾತ್ರ ಅವು ಬರುತ್ತವೆ. ಮೇಲಿನ ಮೊದಲ ಫೋಟೋಗೆ ಮಾತ್ರ ಇದನ್ನು ಕೊಡಬೇಡಿ, ಬೇಗ ಬರಬೇಕಾದದ್ದೇ ತಡವಾಗುತ್ತದೆ.

ಕೊನೆಯದಾಗಿ, ಆಗುಂಬೆಯ ಅದೇ ಹೋಮ್‌ಸ್ಟೇ. ಅತಿಥಿಗಳು ‘ರೂಮ್ ಕಾದಿರಿಸಿ’ ಒತ್ತಲು ಹೋಗಿ ‘ರದ್ದು ಮಾಡಿ’ ಒತ್ತಿಬಿಡುತ್ತಿದ್ದರು. ಮಾಲೀಕರಿಗೆ ಗುಂಡಿಗಳದ್ದೇ ತಪ್ಪು ಅನ್ನಿಸಿತ್ತು. ನಿಧಾನದ ವೇಗದಲ್ಲಿ ನೋಡಿದಾಗ ಕಂಡದ್ದು ಬೇರೆ. ಮೊದಲು ಬರಹ, ಗುಂಡಿ ಬರುತ್ತಿದ್ದವು. ಬೆರಳು ಇಡುವಷ್ಟರಲ್ಲಿ ಮೇಲಿನ ಫೋಟೋ ಬಂದು ಇಡೀ ಪುಟವನ್ನು ಕೆಳಗೆ ತಳ್ಳುತ್ತಿತ್ತು. ಬೆರಳಿನ ಅಡಿಗೆ ಬೇರೆ ಗುಂಡಿ ಬಂದಿರುತ್ತಿತ್ತು. ಇಮೇಜ್ ಟ್ಯಾಗಿನಲ್ಲಿ ಫೋಟೋದ ನಿಜವಾದ ವಿಡ್ತ್, ಹೈಟ್ ಎರಡನ್ನೂ ಅಂಕಿಯಲ್ಲಿ ಬರೆದೆ. ಸಿಎಸ್‌ಎಸ್‌ನಲ್ಲಿ ‘ಹೈಟ್: ಆಟೋ’ ಮೊದಲೇ ಇತ್ತು. ಈಗಿನ ಬ್ರೌಸರುಗಳು ಆ ಎರಡು ಅಂಕಿಗಳಿಂದ ಅಳತೆ ಲೆಕ್ಕ ಹಾಕಿ, ಫೋಟೋ ಬರುವ ಮೊದಲೇ ಜಾಗ ಕಾದಿಡುತ್ತವೆ. ಗುಂಡಿಗಳನ್ನು ನಾನು ಮುಟ್ಟಲೇ ಇಲ್ಲ.